ಮಾಮಾರ ಕಿವಿ, ನನ್ನ ಮಾರ್ಕು

ತಡೆಯಿರಿ, ತಡೆಯಿರಿ. ಪುಟ ತಿರುಗಿಸಬೇಡಿ. ರೆಕಾರ್ಡುಗಳ ಬಗ್ಗೆ ಬರೆಯುತ್ತೇನೆ ಅಂದ ಕೂಡಲೇ ನಿಮ್ಮಲ್ಲಿ ಅರ್ಧ ಜನ ಎದ್ದು ಹೋಗುತ್ತೀರಿ, ಇನ್ನರ್ಧ ಜನ ತೋಳು ಏರಿಸಿಕೊಂಡು ವಾದಕ್ಕೆ ಬರುತ್ತೀರಿ, ನನಗೆ ಗೊತ್ತು. ಇಬ್ಬರೂ ಒಂದು ಹತ್ತು ನಿಮಿಷ ಕೂತಿರಿ. ನಾನು ನಿಜವಾಗಿ ಹೇಳಬೇಕಾದ ಮಾತು ಸ್ವಲ್ಪ ಹಿಂದೆ ಉಳಿದಿದೆ, ನಿಧಾನಕ್ಕೆ ನಡೆದು ಬರುತ್ತಿದೆ. ಅದು ಬರುವ ತನಕ ಕಾಯಿರಿ.

ಮೊನ್ನೆ ಟೈಪಿಂಗ್ ಕ್ಲಾಸಿಗೆ ಖಾಲಿ ಹಾಳೆ ಬೇಕಾಗಿ ಟ್ರಂಕಿನಲ್ಲಿ ಕೈಯಾಡಿಸುವಾಗ, ನಾಲ್ಕು ತಿಂಗಳಿಂದ ಮುಟ್ಟದೆ ಬಿಟ್ಟಿದ್ದ ಇನ್ನೂರು ಪುಟದ ಒಂದು ನೋಟ್‌ಬುಕ್ಕು ಸಿಕ್ಕಿತು. ರಟ್ಟಿನ ಮೇಲೆ ದಪ್ಪ ಅಕ್ಷರದಲ್ಲಿ ‘ರೆಕಾರ್ಡುಗಳು: ನನ್ನ ಅಭಿಪ್ರಾಯ’ ಎಂದು ಬರೆದಿದೆ. ಒಳಗೆ ಪುಟಕ್ಕೊಂದು ರೆಕಾರ್ಡು, ಹತ್ತಕ್ಕೆ ಇಷ್ಟು ಎಂದು ಕೆಂಪು ಶಾಯಿಯಲ್ಲಿ ಮಾರ್ಕು, ಕೆಳಗೆ ನನ್ನ ಸಹಿ. ಸಹಿ ಯಾಕೆ ಹಾಕುತ್ತಿದ್ದೆನೋ ದೇವರೇ ಬಲ್ಲ. ಸಂಗೀತವನ್ನು ನಾನು ಯಾರ ಮುಂದೆಯೂ ಕೂತು ಕಲಿತವನಲ್ಲ. ಷಡ್ಜ ಹಿಡಿ ಎಂದರೆ ಈಗಲೂ ಬೆವರುತ್ತೇನೆ. ಹೋಟೆಲ್ಲಿನ ರೇಡಿಯೋ, ಗಣಪತಿ ಮಂಟಪದ ಲೌಡ್‌ಸ್ಪೀಕರು, ರೆಕಾರ್ಡಿನ ಕವರಿನ ಹಿಂದಿರುವ ಸಣ್ಣಕ್ಷರ, ಇವೇ ನನ್ನ ಗುರುಗಳು. ಆದರೂ ಇಪ್ಪತ್ತು ತುಂಬಿದ್ದೇ ತಡ, ದೊಡ್ಡ ದೊಡ್ಡ ಉಸ್ತಾದರನ್ನೆಲ್ಲ ಸಾಲಾಗಿ ನಿಲ್ಲಿಸಿ ಪಾಸು, ನಪಾಸು ಮಾಡುತ್ತಿದ್ದೆ.

ಇನ್ನೊಂದು ಮಾತನ್ನು ಈಗಲೇ ಒಪ್ಪಿಕೊಂಡುಬಿಡುತ್ತೇನೆ. ಬೆಳಗಾವಿಯ ನಮ್ಮ ಮನೆಯಲ್ಲಿ ಪ್ಲೇಯರೇ ಇರಲಿಲ್ಲ. ಅದಿದ್ದದ್ದು ಖಾನಾಪುರದಲ್ಲಿ, ನಮ್ಮ ಅವ್ವನ ತಮ್ಮ ಶಿವಲಿಂಗ ಮಾಮಾರ ಮನೆಯಲ್ಲಿ. ಮಾಮಾ ಕಟ್ಟಿಗೆ ಕೊರೆಯುವ ಮಿಲ್ಲಿನಲ್ಲಿ ದುಡಿಯುತ್ತಿದ್ದರು. ಗಿರ್ರನೆ ತಿರುಗುವ ದೊಡ್ಡ ಬ್ಲೇಡಿಗೆ ಎದುರಾಗಿ ದಿಮ್ಮಿ ನೂಕುವ ಕೆಲಸ. ಬ್ಲೇಡಿನ ದನಿ ಒಂದು ಎಳೆ ಮೇಲೇರಿದರೂ ಸಾಕು, ಎಲ್ಲಿಯೋ ಸಡಿಲಾಗಿದೆ ಎಂದು ಅವರಿಗೆ ತಿಳಿಯುತ್ತಿತ್ತಂತೆ. ಮಕ್ಕಳಿರಲಿಲ್ಲ. ಮನೆಯಲ್ಲಿ ಅವರು, ಅವರ ಹೆಂಡತಿ ಗೌರತ್ತಿ, ಮತ್ತು ಮುಚ್ಚಳದಲ್ಲೇ ಸ್ಪೀಕರು ಕೂರಿಸಿದ ಒಂದು ಕೆಂಪು ಪ್ಲಾಸ್ಟಿಕ್ ಪ್ಲೇಯರು. ಪ್ರತಿ ಭಾನುವಾರ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿ, ಎರಡು ರೆಕಾರ್ಡುಗಳನ್ನು ಕೂಸಿನಂತೆ ಎದೆಗವಚಿಕೊಂಡು ನಾನು ಖಾನಾಪುರಕ್ಕೆ ಹೋಗುತ್ತಿದ್ದೆ.

ರೆಕಾರ್ಡು ಸಿಗುತ್ತಿದ್ದದ್ದು ಖಡೇ ಬಜಾರಿನ ಬಾಪೂ ಕಾಕಾನ ಅಂಗಡಿಯಲ್ಲಿ. ವಾರದ ಮಟ್ಟಿಗೆ ಒಯ್ದು ತಂದುಕೊಡಬೇಕು. ಕಾಕಾ ಮನೆಯಲ್ಲಿ ಮರಾಠಿ, ಅಂಗಡಿಯಲ್ಲಿ ಕನ್ನಡ, ಸಿಟ್ಟಿನಲ್ಲಿ ಹಿಂದಿ. ನನ್ನ ನೋಟ್‌ಬುಕ್ಕು ಕಂಡರೆ ಅವನಿಗೆ ಎಲ್ಲಿಲ್ಲದ ಆನಂದ. “ಬರ್ರಿ ಪರೀಕ್ಷಾ ಸಾಹೇಬ್ರ, ಇವತ್ತ ಯಾರನ್ನ ನಪಾಸ ಮಾಡಾಕ ಬಂದ್ರಿ?” ಎಂದು ಗಿರಾಕಿಗಳೆದುರು ಕೇಳುತ್ತಿದ್ದ.

ನೋಟ್‌ಬುಕ್ಕಿನ ಮೊದಲ ಪುಟ ಒಂದು ಖಯಾಲ್ ರೆಕಾರ್ಡಿನದು. ಒಂದಿಡೀ ಬದಿಗೆ ಒಂದೇ ರಾಗ, ಮಾರ್ವಾ. ಶಾಲು ಹೊದ್ದ ಗಾಯಕರು ಕವರಿನ ಮೇಲೆ ಯಾರಿಗೋ ಕಾಯುತ್ತಿರುವವರಂತೆ ಕೂತಿದ್ದರು. ಆಲಾಪದ ನಡುವೆ ಒಂದು ಕಡೆ ಅವರು ಸಣ್ಣಗೆ ಕೆಮ್ಮುತ್ತಾರೆ. ಅದನ್ನು ಕಂಪನಿಯವರು ತೆಗೆದುಹಾಕಿಲ್ಲ. ನನ್ನ ಅಭಿಪ್ರಾಯದಲ್ಲಿ ಇಡೀ ರೆಕಾರ್ಡಿನ ಜೀವ ಆ ಕೆಮ್ಮಿನಲ್ಲಿದೆ. ಅದಾದ ಮೇಲೆ ರಾಗ ಅಂಗಿ ಕಳಚಿ ಮನೆಯವನ ಹಾಗೆ ಕೂರುತ್ತದೆ. ಒಂಬತ್ತು ಮಾರ್ಕು. ಇದನ್ನು ಈಗಲೂ ಬದಲಿಸುವುದಿಲ್ಲ.

ಎರಡನೆಯದು ಮರಾಠಿ ನಾಟ್ಯಸಂಗೀತ. ಬೆಳಗಾವಿಯಲ್ಲಿ ಯಾವ ಗಲ್ಲಿಯಲ್ಲಿ ನಡೆದರೂ ಒಂದು ಕಿಟಕಿಯಿಂದ ಅದು ಕೇಳಲೇಬೇಕು. ತಾನದ ಮೇಲೆ ತಾನ, ಉಸಿರಾಡಲು ಬಿಡುವಿಲ್ಲ. ಕೇಳಿ ಮುಗಿದ ಮೇಲೆ ಮಾಮಾ ತೊಡೆ ತಟ್ಟಿಕೊಂಡು, “ಅಂವ ಹಾಡಾಕತ್ತಿಲ್ಲೋ ಸಿದ್ಯಾ, ಯಾರೋ ಬೆನ್ನ ಹತ್ಯಾರಂತ ಮಾಳಗಿ ಏರಾಕತ್ತಾನ!” ಅಂದರು. ಅವರ ಮಾತನ್ನೇ ನಾನು ನನ್ನದೆಂಬಂತೆ ಬರೆದುಕೊಂಡು ಆರು ಮಾರ್ಕು ಕೊಟ್ಟೆ.

ವಚನಗಳ ರೆಕಾರ್ಡಿಗೆ ನಾಲ್ಕು. ವಚನವೆಂದರೆ ಕಪಾಳಕ್ಕೆ ಬಿದ್ದ ಹಾಗಿರಬೇಕು. ಇವರು ಹತ್ತು ಪಿಟೀಲು ಸೇರಿಸಿ ಬೆಲ್ಲದ ಪಾಕ ಮಾಡಿದ್ದಾರೆ ಎಂದು ಬರೆದದ್ದನ್ನು ಗಟ್ಟಿಯಾಗಿ ಓದಿಯೂ ಹೇಳಿದೆ. ಅತ್ತಿ ಇಷ್ಟಲಿಂಗದ ಪೂಜೆ ಮುಗಿಸಿ ಬಂದು ಕಂಬಕ್ಕೊರಗಿ ಅದನ್ನು ಕಣ್ಣು ಮುಚ್ಚಿ ಕೇಳಿದ್ದಳು. “ನನಗ ಚಲೋ ಅನಿಸ್ತಪಾ,” ಅಂದಳು. “ನಿನಗ ಅನಿಸ್ತದ ಅತ್ತಿ. ಆದರ ಖರೇ ನೋಡಿದ್ರ ಚಲೋ ಇಲ್ಲ,” ಅಂದೆ ನಾನು. ಅವಳು ಎದ್ದು ಒಳಗೆ ಹೋದಳು. ಹೀಗೆ ಮಾತಾಡಿದ ನನ್ನ ಕಪಾಳಕ್ಕೆ ಆವತ್ತೇ ಯಾರಾದರೂ ಒಂದು ಬಿಗಿದಿದ್ದರೆ ಎಷ್ಟೋ ವಿಷಯ ನೆಟ್ಟಗಾಗುತ್ತಿತ್ತು.

ಗಜಲುಗಳ ರೆಕಾರ್ಡಿಗೆ ಐದೂವರೆ: ‘ಕುಡಿದವನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಳುತ್ತಾನೆ.’ ಸಿನೆಮಾ ಹಾಡುಗಳಿಗೆ ನನ್ನ ಪುಸ್ತಕದಲ್ಲಿ ಪ್ರವೇಶವೇ ಇರಲಿಲ್ಲ. ಇನ್ನು ಭಜನೆಗಳದೊಂದು ರೆಕಾರ್ಡಿನ ಕತೆ ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ಮಳೆಗಾಲದಲ್ಲಿ ಜಾಂಬೋಟಿ ಕಡೆಯ ಕಾಡಿನಲ್ಲಿ ತಂತಿಯ ಮೇಲೆ ಮರ ಬಿದ್ದರೆ ಖಾನಾಪುರಕ್ಕೆ ಕರೆಂಟಿಲ್ಲ. ಆಗ ಪ್ಲೇಯರಿಗೆ ಆರು ಸೆಲ್ಲು. ಸೆಲ್ಲು ಮುಗಿಯುತ್ತ ಬಂದರೆ ಎಲ್ಲರೂ ಬಿಸಿಲಿಗಿಡುತ್ತಾರೆ, ಅಲ್ಲಿ ಬಿಸಿಲೆಲ್ಲಿ? ಅತ್ತಿ ಒಲೆಯ ಬಾಜೂಕೆ ಸಾಲಾಗಿಟ್ಟು ಬೆಚ್ಚಗೆ ಮಾಡಿ ಕೊಡುತ್ತಿದ್ದಳು. ಆ ಸೆಲ್ಲಿನಲ್ಲಿ ಭಜನೆ ಕೇಳಿ ನಾನು ಬರೆದದ್ದು: ‘ಹೆಣ್ಣಿನ ದನಿಯಲ್ಲಿ ಇಂಥ ಗಾಂಭೀರ್ಯ ಕೇಳಿಲ್ಲ. ಸಾವಿನ ದಡದಲ್ಲಿ ನಿಂತು ಒಂದೊಂದೇ ಅಕ್ಷರ ಇಳಿಸುತ್ತಾಳೆ. ಒಂಬತ್ತೂವರೆ.’ ವಾರ ಬಿಟ್ಟು ಅದೇ ರೆಕಾರ್ಡನ್ನು ಬಾಪೂ ಕಾಕಾ ಅಂಗಡಿಯಲ್ಲಿ ಹಚ್ಚಿದ. ಯಾವುದೋ ಹುಡುಗಿ ಬಸ್ಸು ತಪ್ಪುತ್ತದೆ ಎಂಬಂತೆ ಗಡಿಬಿಡಿಯಲ್ಲಿ ಹಾಡುತ್ತಿದ್ದಾಳೆ! ನಿಮ್ಮ ಮಷೀನು ಜೋರಾಗಿ ತಿರುಗುತ್ತಿದೆ ಎಂದು ನಾನು ತಕರಾರು ತೆಗೆದೆ. ಕಾಕಾ ಹಣೆ ಚಚ್ಚಿಕೊಂಡ. “ಮಷೀನ ಬರೋಬ್ಬರಿ ಐತೋ. ನಿನ್ನ ಸೆಲ್ ಸತ್ತಾವ!”

ನಗಬೇಡಿ. ಇಲ್ಲ, ನಗಿ. ಇದರ ಮುಂದೆ ನಗುವ ಜಾಗ ಕಡಿಮೆ.

ಕೊಳಲಿನ ಒಂದು ರೆಕಾರ್ಡು ಒಯ್ದಿದ್ದೆ. ಮಾಮಾ ಪೂರ್ತಿ ಕೇಳಿದರು. “ಭಾಳ ಶಾಣ್ಯಾ ಅದಾನೋ ಇಂವ,” ಅಂದರು. “ನಿಂತ ನಿಂತ ಊದತಾನ. ನಡುನಡುವ ಸುಮ್ಮ ಕುಂದರತಾನ ನೋಡು, ಅದ ಚಲೋ.” ಎಂಥ ಒಳನೋಟ ಎಂದು ನಾನು ಪುಳಕಗೊಂಡು, ‘ಮೌನದ ಬಳಕೆ’ ಎಂದು ಬರೆದು ಕೆಳಗೆ ಗೆರೆ ಎಳೆದು ಒಂದು ಮಾರ್ಕು ಹೆಚ್ಚಿಗೆ ಕೊಟ್ಟೆ. ಮರುದಿನ ರೆಕಾರ್ಡು ತಿರುಗಿ ಕೊಡುವಾಗ ಆ ಮೌನವನ್ನು ಬಾಪೂ ಕಾಕಾನಿಗೂ ತೋರಿಸೋಣ ಎಂದು ಹಚ್ಚಿಸಿದೆ. ಮೊದಲಿಂದ ಕೊನೆಯವರೆಗೆ ಕೇಳಿದೆವು. ಅದರಲ್ಲಿ ಒಂದೂ ಮೌನ ಇರಲಿಲ್ಲ. ಕೊಳಲು ಎಲ್ಲೂ ನಿಂತಿರಲಿಲ್ಲ. ಮೇಲಿನ ಸಪ್ತಕಕ್ಕೆ ಏರಿದಾಗಲೆಲ್ಲ ಮಾಮಾಗೆ ಅದು ಕೇಳಿಸಿರಲಿಲ್ಲ, ಅಷ್ಟೆ.

ಮುಂದಿನ ವಾರ ಅವರನ್ನು ಬೆಳಗಾವಿಯ ನೆಹರು ನಗರದ ದವಾಖಾನೆಗೆ ನಾನೇ ಕರೆದುಕೊಂಡು ಹೋದೆ. ಕಿವಿಗೆ ಏನೋ ಹಚ್ಚಿ, ಗುಂಡಿ ಒತ್ತಿ, ಕೇಳಿದಾಗ ಬೆರಳೆತ್ತಿರಿ ಎಂದರು. ಮಾಮಾ ಬೆರಳು ಮಡಚಿಕೊಂಡು ಬಹಳ ಹೊತ್ತು ಕಾದರು. ಡಾಕ್ಟರು ಸಣ್ಣ ವಯಸ್ಸಿನವರು, ಸುತ್ತುಬಳಸಿ ಹೇಳಲಿಲ್ಲ. “ಇಪ್ಪತ್ತ ವರ್ಷ ಬ್ಲೇಡಿನ ಮುಂದ ನಿಂತೀರಿ. ನರ ಸತ್ತಾವ್ರಿ. ಔಷಧ ಇಲ್ಲ ಇದಕ್ಕ. ಮೊದಲ ಸಣ್ಣ ದನಿ ಹೋಗತಾವು, ಹಕ್ಕಿದು, ಹೆಣ್ಣಮಕ್ಕಳದು. ದಪ್ಪ ದನಿ ಕಡೀಕ ಹೋಗತಾವು. ವರ್ಷ ತಡೀಬಹುದು, ಆರ ತಿಂಗಳೂ ತಡೀಬಹುದು.” ಅಷ್ಟನ್ನೂ ಕೂಗಿ ಹೇಳಬೇಕಾಯಿತು. ಹೊರಗೆ ಸಾಲಿನಲ್ಲಿ ಕೂತವರೆಲ್ಲ ತಿರುಗಿ ನೋಡಿದರು.

ಬಸ್ಸು ಹತ್ತಿ ಕೂತ ಮೇಲೆ ಮಾಮಾ ಹೇಳಿದರು. “ಸಿದ್ಯಾ, ಇದು ಪೂರಾ ಮುಚ್ಚೂದರೊಳಗ ಚಲೋ ಚಲೋವು ಅಷ್ಟು ಕೇಳಿಬಿಡೂಣು. ನೀ ಆರಿಸಿ ತಗೊಂಡ ಬಾ. ನಿನಗ ತಿಳೀತೈತಿ.”

“ತರತೀನಿ ಮಾಮಾ.”

“ಮತ್ತ, ಆ ಎಮ್ಮಿ ರೆಕಾರ್ಡ ಸಿಕ್ಕರ ನೋಡು. ಗಂಡ ಕುಳ್ಳ ಎಮ್ಮಿ ತಂದಿರತಾನ, ಹೇಣ್ತಿ ಬೈತಾಳ. ಲಗ್ನಾದ ಹೊಸತಾಗಿ ನಂದಗಡದ ಸಂತ್ಯಾಗ ಚಾದ ಹೋಟೆಲಿನ್ಯಾಗ ಹಚ್ಚಿದ್ರು. ನಿಮ್ಮತ್ತಿ ನಕ್ಕ ನಕ್ಕ ಕೈಯಾಗಿನ ಚಾದ ಬಶಿ ಬೀಳಿಸಿದ್ಲು. ಹೋಟೆಲ್ ಮಂದಿ ಎಲ್ಲಾ ಹೊಳ್ಳಿ ನೋಡಾಕ ಹತ್ತಿತ್ತು.”

ಆ ರೆಕಾರ್ಡು ನನಗೆ ಗೊತ್ತಿತ್ತು. ಯಾವುದೋ ನಾಟಕ ಕಂಪನಿಯ ಇಬ್ಬರು ಹಾಸ್ಯ ನಟರ ಜಗಳ. ಸಂಗೀತವೆಂದರೆ ನಡುವೆ ಒಂದು ಹಾರ್ಮೋನಿಯಂ ಕೆಂಯ್ ಅನ್ನುವುದು, ಅಷ್ಟೆ. ಬಾಪೂ ಕಾಕಾನ ಅಂಗಡಿಯಲ್ಲಿ ಮೇಲಿನ ಹಲಗೆಯ ಮೇಲೆ ಧೂಳು ತಿನ್ನುತ್ತಿತ್ತು. ನನ್ನ ಪುಸ್ತಕದಲ್ಲಿ ಅದಕ್ಕೆ ಸೊನ್ನೆ ಹಾಕುವುದಕ್ಕೂ ಒಂದು ಪುಟ ಖರ್ಚು ಮಾಡಿರಲಿಲ್ಲ.

ಒಬ್ಬ ಮನುಷ್ಯ ತನ್ನ ಉಳಿದ ಕಿವಿಯನ್ನು ನನ್ನ ಕೈಗೆ ಕೊಟ್ಟಿದ್ದ. ಇಪ್ಪತ್ತೊಂದು ವರ್ಷದ ನನಗೆ ಅದು ಬಡ್ತಿ ಸಿಕ್ಕ ಹಾಗಿತ್ತು. ರಾತ್ರೋರಾತ್ರಿ ಒಂದು ಸಿದ್ಧಾಂತ ಕಟ್ಟಿದೆ: ದಪ್ಪ ದನಿ ಕಡೆಗೆ ಹೋಗುತ್ತದೆ ಎಂದರು ಡಾಕ್ಟರು, ಹಾಗಾದರೆ ದಪ್ಪ ದನಿಯ ರೆಕಾರ್ಡುಗಳನ್ನೇ ತರಬೇಕು. ಪಖಾವಜಿನದು. ಧ್ರುಪದದ್ದು. ರುದ್ರವೀಣೆಯದು. ಮಾತಿನ ರೆಕಾರ್ಡು ಯಾಕೆ? ಮಾತು ಮನೆಯಲ್ಲಿ ದಿನವೂ ಇದ್ದೇ ಇರುತ್ತದಲ್ಲ. ಡಾಕ್ಟರ ಮಾತಿನ ಇನ್ನರ್ಧವನ್ನು, ಯಾವುದು ಮೊದಲು ಹೋಗುತ್ತದೆ ಎಂಬುದನ್ನು, ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮಾಮಾ ಪ್ಲೇಯರಿಗೆ ಕಿವಿ ತಾಗಿಸಿ ಧ್ರುಪದ ಕೇಳಿದರು. “ಭಾವಿಯೊಳಗ ಕೊಡಾ ಬಿಟ್ಟಂಗ ಐತಿ,” ಅಂದರು. ಸಂತೋಷದಿಂದಲೇ ಅಂದರು. ಆಮೇಲೆ ಮೆಲ್ಲಗೆ, “ಎಮ್ಮಿ ಸಿಗಲಿಲ್ಲೇನು?”

“ಮುಂದಿನ ವಾರ ಮಾಮಾ.”

ಮುಂದಿನ ವಾರ ಒಂದು ಇಂಗ್ಲಿಷ್ ರೆಕಾರ್ಡು ಸಿಕ್ಕಿತು. ಕ್ಯಾಂಪಿನಲ್ಲಿ ಯಾರೋ ಮಿಲಿಟರಿ ಸಾಹೇಬರು ವರ್ಗವಾಗಿ ಹೋಗುವಾಗ ಮಾರಿದ್ದಂತೆ. ಪುಸ್ತಕದ ಹಾಗೆ ತೆರೆದುಕೊಳ್ಳುವ ಕವರು, ಉದ್ದ ಕೂದಲಿನ ನಾಲ್ಕು ಗಂಡಸರು, ಗಿಟಾರಿನ ಬೊಬ್ಬೆ. ಹಚ್ಚಿದ ಕ್ಷಣ ಮಾಮಾರ ಮುಖ ಅರಳಿತು. “ಇದು ನಮ್ಮ ಬ್ಲೇಡೋ! ಗಂಟ ಇರೂ ಸಾಗವಾನಿ ದಿಮ್ಮಿ ಹಾಕ್ಯಾನ ಮಗಾ!” ಅತ್ತಿ ಅಡಿಗೆ ಮನೆಯಿಂದಲೇ ಕೂಗಿದಳು: “ಏ ತಮ್ಮಾ, ಮಿಲ್ ಸಾಕಾಗಿಲ್ಲಂತ ಮನಿಗೂ ಮಿಲ್ ತಂದೇನೋ?” ಆಕೆಯ ಮಾತು ಮಾಮಾಗೆ ಕೇಳಿಸಲಿಲ್ಲ. ಅವರು ಹಿಂದಕ್ಕೆ ತಿರುಗಿ ಕೂಡ ನೋಡಲಿಲ್ಲ. ನಾನದನ್ನು ಕಂಡೆ. ಕಂಡೂ ಆ ರೆಕಾರ್ಡನ್ನು ಮತ್ತೆರಡು ಭಾನುವಾರ ಒಯ್ದೆ. ಯಾಕೆಂದರೆ ನನಗೆ ಅದು ಕೇಳಬೇಕಿತ್ತು. ನನ್ನ ಮನೆಯಲ್ಲಿ ಪ್ಲೇಯರು ಇರಲಿಲ್ಲ. ಇದಕ್ಕಿಂತ ದೊಡ್ಡ ಕಾರಣ ಯಾವುದೂ ಇರಲಿಲ್ಲ, ಈಗ ಹುಡುಕಿದರೂ ಸಿಗುವುದಿಲ್ಲ. ಎಂಟು ಮಾರ್ಕು ಕೊಟ್ಟಿದ್ದೇನೆ. ಆ ಪುಟವನ್ನು ಈಗ ನೋಡಲು ಆಗುವುದಿಲ್ಲ.

ಒಂದು ಶನಿವಾರ ಬಾಪೂ ಕಾಕಾ ತಾನಾಗಿಯೇ ಏಣಿ ಹತ್ತಿ ಆ ಹಾಸ್ಯದ ರೆಕಾರ್ಡು ತೆಗೆದು ಅಂಗಿಯ ತುದಿಯಿಂದ ಒರೆಸಿದ. “ನಿಮ್ಮ ಮಾಮಾ ಬಜಾರಕ್ಕ ಬಂದಾಗ ಇದನ್ನ ಕೇಳಾಕತ್ತಿದ್ರು. ಒಯ್ಯಲ್ಲ?”

“ಇದರಾಗ ಕೇಳೂವಂಥಾದ್ದು ಏನೈತ್ರಿ ಕಾಕಾ?”

“ನಿನಗಲ್ಲೋ ಶಾಣ್ಯಾ. ಅವರಿಗೆ.”

ನಾನು ಸಾರಂಗಿಯ ರೆಕಾರ್ಡು ತೆಗೆದುಕೊಂಡೆ.

ಮಳೆಗಾಲ ಹೋಗಿ ಚಳಿ ಬಂತು. ಮಿಲ್ಲಿನಲ್ಲಿ ಮಾಮಾರನ್ನು ಬ್ಲೇಡಿನಿಂದ ತೆಗೆದು ಹಲಗೆ ಒಟ್ಟುವ ಕಡೆ ಹಾಕಿದರು. ಮಾಮಾ ಪ್ಲೇಯರಿಗೆ ಕಿವಿಯ ಬದಲು ಅಂಗೈ ಇಡಲು ಶುರು ಮಾಡಿದರು. ಕೇಳಿದ್ದಕ್ಕೆ ಹೌದೆನ್ನುತ್ತಿದ್ದರು, ಕೇಳದ್ದಕ್ಕೂ ಹೌದೆನ್ನುತ್ತಿದ್ದರು. ಅತ್ತಿ ಮೊದಮೊದಲು ಕೂಗಿ ಮಾತಾಡುತ್ತಿದ್ದಳು. ಓಣಿಯ ಮಂದಿ ಗಂಡ ಹೆಂಡಿರಿಗೆ ದಿನಾ ಜಗಳ ಎಂದು ಆಡಿಕೊಂಡರಂತೆ. ಆಮೇಲೆ ಮಾತನ್ನೇ ಬಿಟ್ಟಳು. ತಟ್ಟೆ ಇಟ್ಟು ಭುಜ ಮುಟ್ಟುವುದು, ಬಾಗಿಲು ತೋರಿಸುವುದು, ಇಷ್ಟರಲ್ಲೇ ಸಂಸಾರ ನಡೆಯಿತು. ಆ ಮನೆಯಲ್ಲಿ ನಗುವಂಥದ್ದು ಯಾವುದೂ ನಡೆಯುತ್ತಿರಲಿಲ್ಲ.

ಕಡೆಗೆ ಆ ಎಮ್ಮೆಯ ರೆಕಾರ್ಡನ್ನು ನಾನು ಒಯ್ದೆ. ಮನಸ್ಸು ಬದಲಾಗಿ ಅಲ್ಲ. ಆ ವಾರ ಅಂಗಡಿಯಲ್ಲಿ ನಾನು ಕೇಳದ ಬೇರೆ ರೆಕಾರ್ಡು ಇರಲಿಲ್ಲ, ಅದಕ್ಕೆ.

ಅತ್ತಿ ಮೊರದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ಮಾಮಾ ಅವಳ ಎದುರಿಗೆ ಗೋಡೆಗೊರಗಿದ್ದರು. ನಾನು ಕವರು ತೋರಿಸಿದಾಗ ಬಹಳ ಹೊತ್ತು ಅದನ್ನು ನೋಡಿ, ಹಚ್ಚು ಎಂದು ಕೈ ಮಾಡಿದರು. ಹಚ್ಚಿದೆ. ಗಂಡ ಎಮ್ಮೆಯ ಗುಣಗಾನ ಶುರು ಮಾಡಿದ, ಹೆಂಡತಿ ಒಂದೊಂದೇ ಕೇಳತೊಡಗಿದಳು. ನಾನು ಸೂಜಿಯ ಮೇಲೆ ಕಣ್ಣಿಟ್ಟು ವಿಚಾರದಲ್ಲಿ ಮುಳುಗಿದೆ: ಇವರಿಬ್ಬರಿಗೆ ಒಳ್ಳೆಯ ಲಯವಿದೆ, ಒಬ್ಬರ ಮಾತಿನ ಬಾಲವನ್ನು ಇನ್ನೊಬ್ಬರು ಹಿಡಿಯುವುದು ತಬಲಾದ ಸವಾಲ್ ಜವಾಬ್‌ನ ಹಾಗಿದೆ, ಆರು ಕೊಡಬಹುದು, ಆರೂವರೆ. ಅಷ್ಟರಲ್ಲಿ ಅಕ್ಕಿ ಚೆಲ್ಲಿದ ಸದ್ದಾಯಿತು. ತಿರುಗಿದೆ. ಅತ್ತಿ ಸೆರಗು ಬಾಯಿಗೆ ಒತ್ತಿಕೊಂಡು, ಮೊರ ವಾರೆಯಾಗಿ, ಕಣ್ಣಲ್ಲಿ ನೀರು ಬಂದು, ಭುಜ ಕುಣಿಸುತ್ತ ಇದ್ದಳು. ನಗು ಮುಗಿಯುತ್ತ ಬಂದಿತ್ತು. ಮಾಮಾ ಪ್ಲೇಯರಿನ ಕಡೆ ನೋಡಿಯೇ ಇರಲಿಲ್ಲ. ಅವಳನ್ನೇ ನೋಡುತ್ತಿದ್ದರು.

ರೆಕಾರ್ಡು ಮುಗಿಯಿತು. ಅತ್ತಿ ಚೆಲ್ಲಿದ ಅಕ್ಕಿ ಬಳಿದುಕೊಂಡು ಒಳಗೆ ಹೋದಳು. ಮಾಮಾ ನನ್ನ ಕಡೆ ಬಾಗಿ, ದನಿ ಎಷ್ಟು ಜೋರಾಗಿದೆ ಎಂದು ತಿಳಿಯದೆ, ಗಟ್ಟಿಯಾಗಿ ಕೇಳಿದರು. “ಹೆಂಗಿತ್ತು?”

ನಾನು ನೋಟ್‌ಬುಕ್ಕು ತೆಗೆದು, ‘ಲಯ ಚೆನ್ನಾಗಿದೆ. ಆರೂವರೆ’ ಎಂದು ಬರೆದು ತೋರಿಸಿದೆ.

ಓದಿ ತಲೆಯಾಡಿಸಿದರು. “ರೆಕಾರ್ಡ ಅಲ್ಲೋ. ಅಕಿ ನಕ್ಕಳಲ್ಲ, ಅದು ಹೆಂಗಿತ್ತು? ಮೊದಲಿನಂಗ ಇತ್ತೇನು? ಅದನ್ನ ಹೇಳು.”

ನಾನು ಕೇಳಿರಲಿಲ್ಲ. ಆ ಮನೆಯಲ್ಲಿ ಕಿವಿ ನೆಟ್ಟಗಿದ್ದ ಗಂಡಸು ನಾನೊಬ್ಬನೇ, ನಾಲ್ಕು ಮಾರಿನೊಳಗೆ ಕೂತಿದ್ದೆ, ಆ ನಗು ನನ್ನ ಕಿವಿಯ ಮೇಲೆ ಹಾದುಹೋಗಿತ್ತು. ನಾನು ರೆಕಾರ್ಡು ಕೇಳುತ್ತಿದ್ದೆ. ಕೆಮ್ಮಿಗೆ ಅರ್ಧ ಪುಟ ಬರೆದವನು ಪೆನ್ನು ಹಿಡಿದು ಕೂತೆ. ಏನೋ ಬರೆದು ಹೊಡೆದುಹಾಕಿದೆ, ಮತ್ತೆ ಬರೆದು ಮತ್ತೆ ಹೊಡೆದುಹಾಕಿದೆ. ಕಡೆಗೆ ‘ಚಲೋ ಇತ್ತು’ ಎಂದು ಬರೆದು ಕೊಟ್ಟೆ.

ಮಾಮಾ ಅದನ್ನು ಓದಿದರು. ಹಾಳೆ ಮಗುಚಿ ಹಿಂದೆ ಏನಾದರೂ ಇದೆಯೋ ನೋಡಿದರು.

“ಅಷ್ಟ?” ಅಂದರು.

ಮುಂದಿನ ಭಾನುವಾರ ಮತ್ತೆ ಅದೇ ರೆಕಾರ್ಡು ಒಯ್ದು ಈ ಸಲ ಅತ್ತಿಯ ಪಕ್ಕದಲ್ಲೇ ಕೂತೆ. ಅವಳು ನನ್ನನ್ನು ನೋಡಿದಳು, ಮಾಮಾರನ್ನು ನೋಡಿದಳು. ಇಬ್ಬರೂ ಅವಳ ಬಾಯಿಯನ್ನೇ ಕಾಯುತ್ತಿದ್ದೆವು. “ಹಿಂಗ ಕುಂತರ ಹೆಂಗ ನಗೂದೋ?” ಎಂದು ಎದ್ದು ಹೋದಳು. ಅದಾದ ಮೇಲೆ ನಾನು ಖಾನಾಪುರಕ್ಕೆ ಹೋಗಿಲ್ಲ. ನಾಲ್ಕು ತಿಂಗಳಾಯಿತು. ಪರೀಕ್ಷೆ ಇದೆ, ಜ್ವರ ಇದೆ ಎಂದು ಯಾರ ಕೈಯಲ್ಲಾದರೂ ಹೇಳಿ ಕಳಿಸುತ್ತೇನೆ. ಮಾಮಾ ಅಲ್ಲಿಂದ ಒಂದೇ ಮಾತು ಹೇಳಿ ಕಳಿಸುತ್ತಾರೆ: “ಅಂವಗ ಬಾ ಅನ್ರಿ. ಅಂವ ನನಗ ಒಂದ ಹೇಳೂದು ಉಳದೈತಿ.”

ಈಗ ನಿಮ್ಮನ್ನು ಕೇಳುತ್ತೇನೆ. ನಿಮ್ಮ ಮನೆಯಲ್ಲೂ ಕಿವಿ ಹೋದವರು ಇರಬಹುದು. ಹೆಂಡತಿಯ ನಗುವನ್ನೋ, ಮೊಮ್ಮಗಳ ಅಳುವನ್ನೋ, ಯಾವುದಾದರೂ ಒಂದು ದನಿಯನ್ನು ನೀವು ಅವರಿಗೆ ಹೇಳಿ ಮುಟ್ಟಿಸಿದ್ದೀರಾ? ಬರೆದು ಕೊಟ್ಟಿರಾ, ಕೈಯಲ್ಲಿ ತೋರಿಸಿದಿರಾ, ಇನ್ನೇನಕ್ಕಾದರೂ ಹೋಲಿಸಿದಿರಾ? ಅವರು ನಂಬಿದರಾ? ದಯವಿಟ್ಟು ಬರೆದು ತಿಳಿಸಿ. ಎರಡು ಸಾಲಾದರೂ ಸಾಕು. ಅದನ್ನು ಹಿಡಿದುಕೊಂಡು ನಾನು ಒಂದು ಭಾನುವಾರ ಗಾಡಿ ಹತ್ತಬೇಕಾಗಿದೆ.